ದೊಡ್ಡಮ್ಮನ ಮಾತ್ರೆ, ನನ್ನ ಆರು ಪೊಟ್ಟಣ

ಸೀಸೆ ಕೈಜಾರಿ ಬಾವಿಗೆ ಬೀಳಬಹುದಿತ್ತು. ಅಭ್ಯಾಸಬಲದಿಂದ ದೊಡ್ಡಮ್ಮ ಮಾತ್ರೆಯನ್ನು ನೀರು ಕುಡಿದು ನುಂಗಿಬಿಡಬಹುದಿತ್ತು. ನಿಂತೇ ಬಾಯಿಗೆ ಹಾಕಿಕೊಂಡು, ತಲೆ ಸುತ್ತಿ, ಬಾವಿಕಟ್ಟೆಗೆ ಹಣೆ ಬಡಿದುಕೊಳ್ಳಬಹುದಿತ್ತು. ಒಂದು ಸಾಲದೆಂದು ಒಟ್ಟಿಗೆ ಐದಾರು ಇಟ್ಟುಕೊಳ್ಳಬಹುದಿತ್ತು. ಇರುವೆ ಮುತ್ತಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನೋವು ಹಿತ್ತಿಲಲ್ಲಿ ಬಂದು ಸೀಸೆ ನಡುಮನೆಯಲ್ಲಿ ಉಳಿದುಬಿಡಬಹುದಿತ್ತು.

ಮೊನ್ನೆ ಔಷಧಿ ಅಂಗಡಿಯಾತ ಕಂದು ಗಾಜಿನ ಪುಟ್ಟ ಸೀಸೆಯೊಂದನ್ನು ನನ್ನ ಅಂಗೈಯಲ್ಲಿಟ್ಟಾಗ, ಇಪ್ಪತ್ತೈದು ವರ್ಷದ ಹಿಂದಿನ ನನ್ನ ಆ ಹೆದರಿಕೆಗಳ ಪಟ್ಟಿ ಒಂದೂ ಬಿಡದೆ ನೆನಪಿಗೆ ಬಂತು. ಈ ಸಲ ಎದೆನೋವು ನನ್ನದು. ಇಲ್ಲದ ಕಾಯಿಲೆಗಳಿಗೆಲ್ಲ ಹೆದರಿಕೊಂಡೇ ನಡುವಯಸ್ಸು ಮುಟ್ಟಿದವನಿಗೆ ಕೊನೆಗೊಂದು ಇರುವ ಕಾಯಿಲೆ ಸಿಕ್ಕಿದೆ. ಮನೆಯಲ್ಲಿ ನನ್ನ ಮಾತಿಗೆ ಸ್ವಲ್ಪ ಬೆಲೆ ಬಂದಿದೆ.

ಆಗ ರಾಜಾಜಿನಗರ ಎಂಬ ಹೆಸರೇ ಹೊಸದು. ಅಲ್ಲಿನ ಹೊಲಗಳಿಗೆ ಕಲ್ಲು ನೆಟ್ಟು ಸೈಟು ಮಾಡುತ್ತಿದ್ದ ಕಾಲ. ಹೊಲ ಹೋದ ಮೇಲೆ ಉಳಿದ ಜಾಗದಲ್ಲಿ ನಾಲ್ಕು ಮನೆಯ ವಠಾರ ಕಟ್ಟಿಸಿ, ಮೊದಲನೆಯದರಲ್ಲಿ ತಾನೊಬ್ಬಳೇ ಇದ್ದ ಒಡತಿಯನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಪಕ್ಕದ ಮನೆಯಲ್ಲಿ ನಾನು, ಹೊಸದಾಗಿ ಮದುವೆಯಾಗಿ ಬಂದ ಹೆಂಡತಿ. ಕಛೇರಿಯಲ್ಲಿ ನಾನು ಕಾಗದಗಳ ಪ್ರತಿ ತೆಗೆಯುವ ಗುಮಾಸ್ತ.

ವಠಾರಕ್ಕೆ ನಲ್ಲಿ ಬಂದಿತ್ತು. ದೊಡ್ಡಮ್ಮ ಮಾತ್ರ ಬಾವಿ ಬಿಡಲಿಲ್ಲ. "ನಲ್ಲಿ ನೀರ್ನಾಗೆ ಬೇಳೆ ಬೇಯಾಕಿಲ್ಲ ಕಣಪ್ಪ" ಎನ್ನುತ್ತಿದ್ದರು. ಹಗ್ಗ ಎಳೆಯುವಾಗ ಎದೆ ಹಿಂಡಿದಂತಾಗಿ, ನೋವು ಎಡತೋಳಿಗೆ ಇಳಿಯತೊಡಗಿದ ಮೇಲೆ ನಾನೇ ಒತ್ತಾಯ ಮಾಡಿ ಮಾಗಡಿ ರಸ್ತೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಕಂದು ಸೀಸೆ ಕೊಟ್ಟು ನಿಧಾನವಾಗಿ ಹೇಳಿದರು. ನೋವು ಬಂದ ತಕ್ಷಣ ಕೂತುಕೊಳ್ಳಬೇಕು. ಒಂದು ಮಾತ್ರೆ ನಾಲಿಗೆಯ ಕೆಳಗೆ, ನುಂಗಬಾರದು. ಸ್ವಲ್ಪ ಚುರ್ ಎನ್ನುತ್ತದೆ, ತಲೆ ನೋಯುತ್ತದೆ, ಹೆದರಬಾರದು. ಐದು ನಿಮಿಷಕ್ಕೂ ಹೋಗದಿದ್ದರೆ ಇನ್ನೊಂದು. ಮೂರಕ್ಕೂ ನಿಲ್ಲದಿದ್ದರೆ ತನಗೆ ಹೇಳಿ ಕಳಿಸಬೇಕು. ಮುಚ್ಚಳ ಭದ್ರವಾಗಿರಬೇಕು. ಕೊನೆಯದನ್ನೂ ನಾನು ಕೇಳಿಸಿಕೊಂಡೆ. ಇರುವೆ ಬಾರದಿರಲೆಂದು ಹೇಳಿದ್ದು ಅಂದುಕೊಂಡೆ.

ಆಮೇಲೆ ನನಗೆ ನಿದ್ದೆ ಇಲ್ಲ. ಸೀಸೆ ಒಂದು, ನೋವು ಬರುವ ಜಾಗ ಹತ್ತು. ಕಛೇರಿಯಲ್ಲಿ ನಾವು ಒಂದೇ ಪ್ರತಿಯನ್ನು ನಂಬಿ ಯಾವ ಕಾಗದವನ್ನೂ ಬಿಡುತ್ತಿರಲಿಲ್ಲ. ಒಂದು ಭಾನುವಾರ ಕೂತು, ಕಛೇರಿಯ ತೆಳು ಕಾಗದ ಕತ್ತರಿಸಿ, ಸೀಸೆಯ ಮಾತ್ರೆಗಳನ್ನೆಲ್ಲ ಹಂಚಿ, ಕುಂಕುಮ ಕಟ್ಟುವ ಹಾಗೆ ಆರು ಪೊಟ್ಟಣ ಕಟ್ಟಿದೆ. ಒಂದೊಂದರ ಮೇಲೂ ದುಂಡಗೆ ಬರೆದೆ: 'ಎದೆನೋವಿಗೆ. ಕೂತುಕೊಂಡು. ನುಂಗಬಾರದು.' ದೇವರ ಗೂಡು, ಅಡುಗೆ ಒಲೆಯ ಮೇಲಿನ ಹಲಗೆ, ದೊಡ್ಡಮ್ಮನ ಎಲೆಅಡಿಕೆ ಸಂಚಿ, ಹಾಸಿಗೆಯ ತಲೆದೆಸೆ, ಬಾವಿಯ ಪಕ್ಕದ ಗೋಡೆಗೂಡು, ನನ್ನ ಅಂಗಿಯ ಜೇಬು.

ದೊಡ್ಡಮ್ಮ ಎಲೆ ಮಡಿಸುತ್ತ ನೋಡುತ್ತಿದ್ದರು. "ಏನ್ ಗುಮಾಸ್ತಪ್ಪ, ನಾನ್ ಸಾಯೋದಕ್ಕೂ ಆರು ಪ್ರತಿ ತೆಗೀತಿದ್ದೀಯಾ?"

"ಸಾಯಬಾರ್ದು ಅಂತಾನೇ ದೊಡ್ಡಮ್ಮ."

ಖಾಲಿಯಾದ ಸೀಸೆ ಚೆನ್ನಾಗಿದೆಯೆಂದು ಅದಕ್ಕೆ ಸಾಸಿವೆ ತುಂಬಿಟ್ಟುಕೊಂಡರು.

ಎಷ್ಟು ವಾರ ಕಳೆಯಿತೋ… ಅವರೆಕಾಯಿ ಬರತೊಡಗಿತ್ತು, ಅಷ್ಟು ಗೊತ್ತು. ಬೆಳಿಗ್ಗೆ ನಾನು ಹಿತ್ತಿಲಲ್ಲಿ ಕನ್ನಡಿ ಇಟ್ಟುಕೊಂಡು ಕ್ಷೌರ ಮಾಡಿಕೊಳ್ಳುತ್ತಿದ್ದೆ. ದೊಡ್ಡಮ್ಮ ಎರಡನೆಯ ಬಿಂದಿಗೆ ಎಳೆದವರು ಹಗ್ಗ ಬಿಟ್ಟು ಒಗೆಯುವ ಕಲ್ಲಿನ ಮೇಲೆ ಕೂತರು. ಹೇಳಿಕೊಟ್ಟ ಹಾಗೆಯೇ ಕೂತರು. ನಾನು ಒಂದೇ ಹೆಜ್ಜೆಗೆ ಗೋಡೆಗೂಡಿನ ಪೊಟ್ಟಣ ತೆಗೆದು ಬಿಚ್ಚಿದೆ. ಆ ಗಳಿಗೆಯಲ್ಲಿ ನನ್ನ ಮುಂದಾಲೋಚನೆಗೆ ನಾನೇ ಬೀಗಿದೆ ಎಂಬುದನ್ನು ಮುಚ್ಚಿಡಲಾರೆ.

ಮಾತ್ರೆ ನಾಲಿಗೆಯ ಕೆಳಗೆ ಹೋಯಿತು. ಕಾದೆವು.

"ಚುರ್ ಅಂತಿಲ್ಲ ಕಣಪ್ಪ. ಗೋಡೆ ಸುಣ್ಣ ಇಕ್ಕೊಂಡಂಗೈತೆ."

ಐದು ನಿಮಿಷ. ನೋವು ಹಾಗೇ ಇತ್ತು. ಆ ಪೊಟ್ಟಣವೇ ಸರಿಯಿಲ್ಲವೇನೋ ಎಂದು ಹೆಂಡತಿ ಒಲೆಯ ಮೇಲಿನ ಹಲಗೆಯಿಂದ ಎರಡನೆಯದನ್ನು ತಂದಳು. ಮತ್ತೆ ಐದು ನಿಮಿಷ. ಮೂರನೆಯದು ಸಂಚಿಯಿಂದ. ಅದೂ ಸುಣ್ಣವೇ. ದೊಡ್ಡಮ್ಮನ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿಗೆ ಇಳಿಯುತ್ತಿತ್ತು. ಅವರು ನನ್ನ ಮಣಿಕಟ್ಟು ಹಿಡಿದಿದ್ದರು. ಬಿಡಿಸಿಕೊಂಡು ಹೋಗುವುದೇ ಕಷ್ಟವಾಯಿತು…

ಅರ್ಧ ಮುಖಕ್ಕೆ ಸೋಪಿನ ನೊರೆ ಮೆತ್ತಿಕೊಂಡೇ ಸೈಕಲ್ ಹತ್ತಿದೆ. ದಾರಿಯುದ್ದಕ್ಕೂ, ಡಾಕ್ಟರು ಊರಲ್ಲಿಲ್ಲದಿದ್ದರೆ, ಚೈನು ಕಳಚಿದರೆ, ವಾಪಸ್ಸು ಬರುವಷ್ಟರಲ್ಲಿ… ಡಾಕ್ಟರು ಇದ್ದರು. ಚೈನೂ ಕಳಚಲಿಲ್ಲ.

ಅವರು ನನ್ನೊಂದಿಗೆ ಬಂದು, ತಮ್ಮ ಚೀಲದಿಂದ ಹೊಸ ಸೀಸೆ ತೆಗೆದು ಒಂದು ಮಾತ್ರೆ ಇಟ್ಟು, ಸೂಜಿಯನ್ನೂ ಚುಚ್ಚಿದರು. "ಹಾಂ, ಈಗ ಚುರ್ ಅಂತು" ಎಂದರು ದೊಡ್ಡಮ್ಮ. ಮುಖಕ್ಕೆ ಬಣ್ಣ ಮರಳಲು ಬಹಳ ಹೊತ್ತು ಹಿಡಿಯಿತು.

ಡಾಕ್ಟರು ಕಲ್ಲಿನ ಮೇಲಿದ್ದ ಪೊಟ್ಟಣ ಎತ್ತಿಕೊಂಡರು. "ಇದನ್ನ ಹೀಗೆ ಕಾಗದದಲ್ಲಿ ಕಟ್ಟಿದ್ಯಾರು? ಕರ್ಪೂರ ಬಿಚ್ಚಿಟ್ರೆ ಏನಾಗುತ್ತಮ್ಮ? ಹಾರಿಹೋಗಲ್ವಾ? ಇದೂ ಹಂಗೇನೇ. ಮಾತ್ರೆ ಕಾಣ್ಸುತ್ತೆ, ಒಳಗೆ ಔಷಧಿ ಇರಲ್ಲ. ಅದು ಬಂದ ಗಾಜಿನ ಸೀಸೇಲೇ ಇರ್ಬೇಕು, ಮುಚ್ಚಳ ಬಿಗಿಯಾಗಿ, ಬಿಸಿಲು ಬೆಂಕಿ ತಾಕದ ಹಂಗೆ."

"ನಾನೇ ಕಟ್ಟಿದ್ದು ಸ್ವಾಮಿ" ಎಂದರು ದೊಡ್ಡಮ್ಮ. "ಮುದುಕಿ ಬುದ್ಧಿ."

ಆಕೆಗೆ ಹೆಬ್ಬೆಟ್ಟು ಒತ್ತುವುದು ಬಿಟ್ಟು ಬೇರೆ ಬರಹ ಬರುತ್ತಿರಲಿಲ್ಲ. ಡಾಕ್ಟರು ಪೊಟ್ಟಣದ ಮೇಲಿನ ದುಂಡು ಅಕ್ಷರ ನೋಡಿದರು, ನನ್ನ ಅರ್ಧ ಕ್ಷೌರದ ಮುಖ ನೋಡಿದರು, ಚೀಲ ಮುಚ್ಚಿದರು. ಕಟ್ಟಿದ್ದು ನಾನೆಂದು ನಾನು ಒಪ್ಪಿಕೊಳ್ಳಲಿಲ್ಲ. ಬಾಯಿ ತೆರೆಯಬೇಕಿದ್ದ ಆ ಒಂದು ಗಳಿಗೆ… ಆಮೇಲೆ ಅದು ಮತ್ತೆ ಬರಲಿಲ್ಲ.

ದೊಡ್ಡಮ್ಮ ತಿಂಗಳು ಹಾಸಿಗೆ ಹಿಡಿದರು. ಬಾವಿಯ ಹಗ್ಗ ಮುಟ್ಟಕೂಡದೆಂದು ಅಪ್ಪಣೆಯಾಯಿತು. ಒಗೆಯುವ ಕಲ್ಲಿನ ಮೇಲೆ ಕೂತು ನನ್ನ ಹೆಂಡತಿ ನೀರು ಸೇದುವುದನ್ನು ನೋಡುತ್ತ, "ಹಗ್ಗ ಹಂಗ್ ಜಗ್ಗಬ್ಯಾಡ ಕಣೇ, ಹಸು ಅಲ್ಲ ಅದು" ಎಂದು ಗೊಣಗುತ್ತಿದ್ದರು. ಹೊಸ ಸೀಸೆ ಸದಾ ಸೆರಗಿನ ತುದಿಯ ಗಂಟಿನಲ್ಲಿ. ಮುಂದಿನ ಅವರೆಕಾಯಿಯ ಹೊತ್ತಿಗೆ ನನಗೆ ಬೇರೆ ಊರಿಗೆ ವರ್ಗವಾಗಿತ್ತು. ಅವರು ಹೋದರೆಂದು ವಠಾರದವರ ಕಾಗದ ಬಂತು. ಆ ಬೆಳಗಿನ ಹದಿನೈದು ನಿಮಿಷ ಅವರ ಆಯುಸ್ಸಿನಲ್ಲಿ ಎಷ್ಟನ್ನು ತಿಂದಿತೋ ನಾನು ಯಾವ ಡಾಕ್ಟರನ್ನೂ ಕೇಳಿಲ್ಲ. ಕೇಳುವ ಧೈರ್ಯ ಈಗಲೂ ಇಲ್ಲ.

ನನ್ನ ಈಗಿನ ಡಾಕ್ಟರು, ಒಂದು ಮಾತ್ರೆ ಇಟ್ಟು ಐದು ನಿಮಿಷಕ್ಕೂ ನೋವು ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೊರಡಿ ಎಂದಿದ್ದಾರೆ. ಸಂಜೆ ಮೇಜಿನ ಮೇಲೆ ಸೀಸೆ ಇಟ್ಟುಕೊಂಡು ಕೂತಿದ್ದೆ. ಹೆಂಡತಿ ಬಂದು ನೋಡಿ, "ಕಾಗದ, ಕತ್ತರಿ ತರ್ಲಾ?" ಎಂದಳು. ನಾನು ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿಮಾಡಿದೆ.

ಆ ವಠಾರ ಈಗಿಲ್ಲ, ಬಾವಿ ಮುಚ್ಚಿದ್ದಾರೆ. ಸೀಸೆ ಅದರೊಳಗೆ ಬಿದ್ದಿರಲಿಲ್ಲ. ದೊಡ್ಡಮ್ಮ ಮಾತ್ರೆ ನುಂಗಲಿಲ್ಲ, ನಿಂತು ಹಾಕಿಕೊಳ್ಳಲಿಲ್ಲ, ಹೆಚ್ಚು ಹಾಕಿಕೊಳ್ಳಲಿಲ್ಲ. ಇರುವೆ ಮುತ್ತಲಿಲ್ಲ. ನೋವು ಬಂದಾಗ ಮಾತ್ರೆ ಕೈಗೆಟುಕುವಷ್ಟು ಹತ್ತಿರವೇ ಇತ್ತು. ಆದದ್ದು ಇಷ್ಟೇ: ಒಂದು ಭಾನುವಾರ ನಾನು ಮುಚ್ಚಳ ತೆಗೆದೆ.