ನೀರಿನ ಮೇಲಿದ್ದವನ ಹೆಸರು

ನಮ್ಮ ಸಾತವ್ವತ್ತಿಯ ಮೇಲೆ ನನಗಿದ್ದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಬಾಯಲ್ಲಿ ಒಂದು ಹೆಸರು ಬಂದಿದ್ದರೆ ಸಾಕಿತ್ತು, ಅವಳಿಗೆ ಹತ್ತು ವರ್ಷದ ತವರು ಉಳಿಯುತ್ತಿತ್ತು. ಬರೀ ಒಂದು ಹೆಸರು! ನಾನಾಗಿದ್ದರೆ ಮೊದಲ ಸಲ ಕೇಳಿದಾಗಲೇ ಹೇಳಿ, ಬೇಕಾದರೆ ಬರೆದೂ ಕೊಟ್ಟು ಬರುತ್ತಿದ್ದೆ. ಆದರೆ ನಾನು ಸಾತವ್ವತ್ತಿ ಅಲ್ಲ, ನನ್ನ ಗಂಡ ಹಡಗಿನ ಮೇಲೂ ಇರಲಿಲ್ಲ.

ಅತ್ತಿ ಅಂದರೆ ನಮ್ಮಪ್ಪ ಸತ್ಯಪ್ಪನ ಒಬ್ಬಳೇ ತಂಗಿ. ಮಸಗುಪ್ಪಿಯ ಎರೆಹೊಲದಲ್ಲಿ ಬೆಳೆದವಳು. ೧೯೫೫ರಲ್ಲಿ ಅವಳನ್ನು ಸಂಕೇಶ್ವರದ ಹೊಳೆಪ್ಪನಿಗೆ ಕೊಟ್ಟರು. ಹೊಳೆಪ್ಪ ನೌಕಾದಳದಲ್ಲಿ ಹಡಗಿನ ಬಾಯ್ಲರ್ ನೋಡಿಕೊಳ್ಳುವ ಕೆಲಸದಲ್ಲಿದ್ದ. ವರ್ಷದೊಳಗೆ ಅವನಿಗೆ ಕೊಚ್ಚಿಯ ಕಡೆ ಸಮುದ್ರದಂಡೆಯ ನೆಲೆಯಲ್ಲಿ ಒಂದು ಖೋಲಿಯ ಮನೆ ಸಿಕ್ಕಿತು. ಘಟಪ್ರಭಾ ಸ್ಟೇಶನ್ನಿನಲ್ಲಿ ಅವರನ್ನು ರೈಲು ಹತ್ತಿಸುವಾಗ ಹೊಳೆಪ್ಪನ ತಾಯಿ ಭರಮವ್ವ ಸೊಸೆಯ ಕೈ ಹಿಡಿದು ಒಂದೇ ಮಾತು ಹೇಳಿದಳಂತೆ.

"ನೋಡವ್ವಾ, ಅಂವ ನೀರಿನ ಮ್ಯಾಲ ಇದ್ದಾಗ ಅವನ ಹೆಸರ ಬಾಯಾಗ ತರಬ್ಯಾಡ. ಆಯುಷ್ಯ ಕಡಿಮಿ ಆಕ್ಕೈತಿ. ನನಗ ಇರಾಂವ ಒಬ್ಬನ ಮಗ."

ಗಂಡನ ಹೆಸರು ಹೇಳದಿರುವುದು ನಮ್ಮ ಕಡೆ ಹೊಸದೇನಲ್ಲ. ಲಗ್ನದಲ್ಲೋ ಹಬ್ಬದಲ್ಲೋ ಹೆಂಗಸರೆಲ್ಲ ಸುತ್ತ ಕೂತು ಬೆನ್ನು ಹತ್ತಿದಾಗ, ಎರಡು ಸಾಲಿನ ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳುತ್ತಾರೆ. ಅದಕ್ಕೆ ಒಡಪು ಅನ್ನುತ್ತೇವೆ. ಉಳಿದ ದಿನವೆಲ್ಲ ‘ನಮ್ಮವರು’ ಅಂದರೆ ಮುಗಿಯಿತು. ಊರಿನಲ್ಲಿ ಇದು ಯಾರಿಗೂ ತೊಂದರೆ ಕೊಟ್ಟಿದ್ದಿಲ್ಲ, ಯಾಕೆಂದರೆ ಊರಿನಲ್ಲಿ ಯಾರ ಹೆಂಡತಿ ಯಾರು ಅಂತ ನಾಯಿಗೂ ಗೊತ್ತು.

ಆ ನೆಲೆಯಲ್ಲಿ ಮಾತ್ರ ಅತ್ತಿಯನ್ನು ಬಲ್ಲವರು ಯಾರೂ ಇರಲಿಲ್ಲ. ಒಂದೇ ಅಳತೆಯ, ಒಂದೇ ಸುಣ್ಣದ ಮನೆಗಳ ನಾಲ್ಕು ಸಾಲು, ಪ್ರತಿ ಮನೆಯ ಮುಂದೂ ಒಂದು ತೆಂಗಿನ ಗಿಡ. ಮೊದಲ ವಾರ ನೀರು ತರಲು ಹೋದವಳು ಬೇರೆಯವರ ಮನೆ ಹೊಕ್ಕು, ಅಲ್ಲಿ ಹಲ್ಲುಜ್ಜುತ್ತಿದ್ದ ಗಂಡಸನ್ನು ಕಂಡು ಕೊಡ ಬಿಟ್ಟು ಓಡಿಬಂದಿದ್ದಳು. ಅಂದಿನಿಂದ ತನ್ನ ಹೊಸ್ತಿಲ ಬಾಜೂಕ್ಕೆ ಒಂದು ತೂತುಬಿದ್ದ ನೀಲಿ ಬಕೀಟು ಬೋರಲು ಹಾಕಿದಳು. ಅದೇ ಅವಳ ಮನೆಯ ನಂಬರು.

ಮಧ್ಯಾಹ್ನ ನೆಲೆಯ ಭೋಂಗಾ, ಅಂದರೆ ಸೈರನ್ನು, ಕೂಗಿದಾಗ ಗೋಕಾಕದ ಗಿರಣಿ ನೆನಪಾಗಿ ಎದ್ದು ಬಾಗಿಲಿಗೆ ಬರುತ್ತಿದ್ದಳು. ಬಂದು ನೋಡಿದರೆ ಮರಳು, ತಂತಿಬೇಲಿ, ಅದರಾಚೆ ಬೂದಿಬಣ್ಣದ ಹಡಗು. ತವರಿನಿಂದ ತಂದ ಜೋಳದ ಹಿಟ್ಟು ಎರಡೇ ತಿಂಗಳಿಗೆ ತೀರಿತು. ಕೊನೆಯ ರೊಟ್ಟಿ ಬಡಿದ ದಿನ ಅದನ್ನು ತಿನ್ನದೆ ಸಂಜೆಯವರೆಗೆ ಎದುರಿಗೆ ಇಟ್ಟುಕೊಂಡು ಕೂತಿದ್ದಳಂತೆ. ಇದನ್ನು ಕೇಳಿದಾಗ ನಾನು ನಕ್ಕೆ.

"ನಗಬ್ಯಾಡ ರಾಯವ್ವಾ" ಅಂದಳು ಅತ್ತಿ. "ಅಷ್ಟ ನೀರ ಕಣ್ಣ ಮುಂದ ಐತಿ, ಒಂದ ಬೊಗಸಿ ಕುಡಿಯಾಕ ಬರಂಗಿಲ್ಲ. ಅಷ್ಟ ಮಂದಿ ಅದಾರ, ಒಬ್ಬರೂ ‘ಊಟ ಆತೇನವ್ವಾ’ ಅನ್ನಂಗಿಲ್ಲ. ನಿನಗೇನ ಗೊತ್ತಾಕ್ಕೈತಿ?"

ಆದರೂ ಕೈಕಟ್ಟಿ ಕೂರುವ ಹೆಣ್ಣಲ್ಲ ಅವಳು. ಹೊಳೆಪ್ಪ ಹಡಗು ಹತ್ತಿದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವಳು ದಿನಕ್ಕೊಂದು ದಿಕ್ಕು ಹಿಡಿದು ನಡೆದಳು. ಕವಾಯತಿನ ಬಯಲು ನೋಡಿದಳು, ಬಲೆ ಹೆಣೆಯುವವರ ಓಣಿ ನೋಡಿದಳು, ಬಾಜೂಮನೆಯ ಮಲೆಯಾಳಿ ಹೆಂಗಸಿನಿಂದ ಕೈಸನ್ನೆಯಲ್ಲೇ ಕೊಬ್ಬರಿ ಹಾಕಿ ಪಲ್ಯ ಮಾಡುವುದು ಕಲಿತಳು. ದಂಡೆಯಲ್ಲಿ ಸಿಕ್ಕ ಚಿಪ್ಪು, ಕವಡೆಗಳನ್ನು ಸೆರಗಿಗೆ ಕಟ್ಟಿ ತಂದು ತೊಳೆದು ಇಡುತ್ತಿದ್ದಳು. ಅವೆಲ್ಲ ಅವಳವ್ವನಿಗೆ. ಅಂದರೆ ನಮ್ಮ ಆಯಿ, ಅಲ್ಲವ್ವನಿಗೆ. ಆಯಿಗೆ ಕವಡೆ ಆಡುವ ಹುಚ್ಚು, ಸಮುದ್ರ ಮಾತ್ರ ಕಂಡಿರಲಿಲ್ಲ.

ಮರುವರ್ಷ ಶ್ರಾವಣ ಬಂತು. ಪಂಚಮಿಗೆ ಅಣ್ಣ ಬಂದು ಕರೆದರೇ ಹೆಣ್ಣುಮಗಳು ತವರಿಗೆ ಹೋಗುವುದು; ಕರೆಯದೆ ಹೋದರೆ ಗೌರವವಿಲ್ಲ. ಮಸಗುಪ್ಪಿಯಿಂದ ಕೊಚ್ಚಿಗೆ ಮೂರು ದಿನದ ದಾರಿ, ಯಾರು ಬರುತ್ತಾರೆ? ಆದರೆ ಅಪ್ಪ ಬಂದ. ‘ಸೋಮವಾರ ಬರುತ್ತೇನೆ, ತಯಾರಿರು’ ಅಂತ ಕಾರ್ಡು ಬರೆಸಿದ್ದ. ಹೊಳೆಪ್ಪ ಅದನ್ನು ಓದಿ ಹೇಳಿ, ನೆಲೆಯ ನಿಯಮವನ್ನೂ ತಿಳಿಸಿ ಹಡಗು ಹತ್ತಿದ್ದ. ಮನೆಯವರು ದೊಡ್ಡ ಬಾಗಿಲಿಗೆ ಹೋಗಿ ಗುರುತು ಹೇಳಿದರೆ ಮಾತ್ರ ಹೊರಗಿನವರಿಗೆ ಪ್ರವೇಶ.

ಅತ್ತಿ ಮೊದಲ ಸಲ ಕೊಚ್ಚಿಗೆ ಬಂದ ದಿನ ರೈಲು ಸಂಜೆಗೆ ಮುಟ್ಟಿತ್ತು. ಅಣ್ಣನ ರೈಲೂ ಸಂಜೆಗೇ ಬರುತ್ತದೆ ಅಂತ ಅವಳ ಲೆಕ್ಕ. ಸೋಮವಾರ ಬೆಳಿಗ್ಗೆ ಟ್ರಂಕು ತುಂಬಿಟ್ಟು, ಅವ್ವನಿಗೆ ಇನ್ನೊಂದಿಷ್ಟು ಒಳ್ಳೆಯ ಕವಡೆ ಆರಿಸೋಣವೆಂದು ದಂಡೆಗೆ ಹೋದಳು. ಹಿಂದಿನ ದಿನದ ಮಳೆಗಾಳಿಗೆ ದಂಡೆಯ ತುಂಬ ಚಿಪ್ಪು ಬಂದು ಬಿದ್ದಿದ್ದವು. ಒಂದು ಚೆಂದ ಇನ್ನೊಂದು ಚೆಂದ ಅಂತ ಬಗ್ಗಿ ಆರಿಸುತ್ತ, ತಂತಿಬೇಲಿ ಮುರಿದು ಬಿದ್ದಿದ್ದ ಕಡೆ ಹಾಯ್ದು, ಆಚೆಗಿನ ಫಿರಂಗಿಯ ಕಟ್ಟೆಯವರೆಗೂ ಹೋಗಿಬಿಟ್ಟಳು.

"ರುಕೋ!"

ತಲೆಯೆತ್ತಿದರೆ ಬಂದೂಕು ಹಿಡಿದ ಪಹರೆಯವನು. ಅವಳನ್ನು ಒಂದು ಚೌಕಿಗೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿದರು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಚಹಾ ಕೂಡ ಕೊಟ್ಟರು. ಕೇಳಿದ್ದು ಒಂದೇ ಪ್ರಶ್ನೆ: "ಪತೀ ಕಾ ನಾಮ್?"

ಹಿಂದಿ ಬರದಿದ್ದರೂ ಆ ಮಾತು ಅವಳಿಗೆ ತಿಳಿಯಿತು. ತಿಳಿದೇ ಬಾಯಿ ಮುಚ್ಚಿದಳು. ಕೈಸನ್ನೆಯಲ್ಲಿ ಹಡಗು ತೋರಿಸಿದಳು, ಬಾಯ್ಲರಿನ ಬೆಂಕಿ ತೋರಿಸಿದಳು, ನೀಲಿ ಬಕೀಟು ತೋರಿಸಿದಳು. ಬಕೀಟು ಅವರಿಗೆ ಹೇಗೆ ಅರ್ಥವಾಗಬೇಕು? ಗಂಟೆಗೊಮ್ಮೆ ಒಬ್ಬ ಬಂದು ಅದನ್ನೇ ಕೇಳುತ್ತಿದ್ದ. ಇವಳು ಹೊರಗೆ ಕಾಣುವ ನೀರನ್ನು ನೋಡುತ್ತಿದ್ದಳು. ಅಂದು ಸಮುದ್ರ ಬಹಳ ಎದ್ದಿತ್ತು.

"ಒಡಪಿನ್ಯಾಗರ ಹೇಳಬೇಕಿತ್ತಲ್ಲ ಅತ್ತಿ! ಒಡಪಿಗೆ ದೋಷ ಇಲ್ಲಲ್ಲ!" ಅಂತ ನಾನು ಎಷ್ಟು ಸಲ ಜಗಳಾಡಿದ್ದೇನೋ.

"ಯವ್ವಾ, ಒಡಪ ಹೇಳಾಕ ಸುತ್ತ ಹೆಂಗಸರ ಕುಂತಿರಬೇಕ, ನಗಬೇಕ. ಬಂದೂಕ ಹಿಡದಾಂವನ ಮುಂದ ಏನ ಒಡಪ ಹೇಳ್ತಿ? ಅದೂ ಅವರು ನೀರಾಗ ಇದ್ದಾಗ. ನಾ ಹೆಸರ ಹೇಳಿ, ಅಲ್ಲಿ ಏನರ ಆಗಿದ್ದರ? ನನ್ನ ಬಾಯಿ ನಾನ ಸುಟ್ಕೋತಿದ್ನಿ."

ಚೌಕಿಯಲ್ಲಿ ಹೊತ್ತು ಇಳಿಯುತ್ತಿತ್ತು, ಅಣ್ಣನ ರೈಲು ಬರುವ ಸಮಯವಾಗುತ್ತಿತ್ತು. ಹೇಳಲೇ, ಬಿಡಲೇ ಅಂತ ನೂರು ಸಲ ಅಂದುಕೊಂಡಳಂತೆ. ಐದು ಗಂಟೆಗೆ ಪಾಳಿ ಬದಲಾಯಿಸಲು ಬಂದವನು ಬಾಜೂಮನೆಯ ಮಲೆಯಾಳಿ ಹೆಂಗಸಿನ ಗಂಡ. ಬೆಂಚಿನ ಮೇಲಿದ್ದವಳನ್ನು ನೋಡಿ ಗಾಬರಿಯಾಗಿ, "ಇವರು ಹೊಳೆಪ್ಪನ ಮನೆಯವರು!" ಅಂದ. ಅತ್ತಿ ಹೌದೆಂದು ತಲೆಯಾಡಿಸಿದಳು, ಅಷ್ಟೇ.

ದೊಡ್ಡ ಬಾಗಿಲಿಗೆ ಓಡಿದಳು. ಅಲ್ಲಿ ಪಹರೆಯವನು ಅವಳ ಕೈಗೆ ಒಂದು ಗಂಟು ಕೊಟ್ಟ. ಆಯಿಯ ಹಳೆ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ ಶೇಂಗಾ ಉಂಡಿ, ಎಳ್ಳುಂಡಿ.

ಅಪ್ಪ ಬೆಳಿಗ್ಗೆ ಒಂಬತ್ತಕ್ಕೇ ಬಂದಿದ್ದ. ಮನೆಗೆ ಹೇಳಿಕಳಿಸಿದರೆ ಬೀಗ. ಮಳೆಯಲ್ಲಿ ನಾಲ್ಕರವರೆಗೆ ನಿಂತಿದ್ದ. ಅಲ್ಲಿದ್ದ ಯಾರೋ, ಆ ಹೆಂಗಸು ದಿನವೂ ದಂಡೆಗೆ ತಿರುಗಾಡಲು ಹೋಗುತ್ತಾಳೆ ಅಂದನಂತೆ. ಅಂದಿನ ರೈಲು ತಪ್ಪಿದರೆ ಪಂಚಮಿ ದಾರಿಯಲ್ಲೇ ಕಳೆಯುತ್ತಿತ್ತು. ಅಪ್ಪ ಗಂಟು ಇಟ್ಟು ಹೊರಟುಹೋದ. ಮೂರು ದಿನ ರೈಲಿನಲ್ಲಿ ಕೂತು ಬಂದ ಅಣ್ಣನಿಗಿಂತ ತಂಗಿಗೆ ತಿರುಗಾಟ ಹೆಚ್ಚಾಯಿತು ಅಂತ ಅವನ ತಲೆಯಲ್ಲಿ ಕೂತುಬಿಟ್ಟಿತು.

ಅತ್ತಿ ಆ ಬಾಗಿಲಲ್ಲೇ ಕೂತು ಗಟ್ಟಿಯಾಗಿ ಅತ್ತಳು. ಉಂಡಿಯನ್ನು ದಿನಕ್ಕೊಂದರಂತೆ ತಿಂದಳು. ಕೊನೆಯದಕ್ಕೆ ಇರುವೆ ಹತ್ತಿತ್ತು, ಕೊಡವಿ ಅದನ್ನೂ ತಿಂದಳು.

ಹೊಳೆಪ್ಪ ತಿಂಗಳ ಮೇಲೆ ಬಂದು, ನಡೆದದ್ದನ್ನು ಕೇಳಿ, ಎಲ್ಲ ಬಿಡಿಸಿ ಕಾಗದ ಬರೆದ. ನಮ್ಮಪ್ಪ ಅದನ್ನು ಓದಿಸಲೇ ಇಲ್ಲ, ಒಲೆಗೆ ಹಾಕಿದ. ಎರಡನೆಯದನ್ನೂ ಹಾಕಿದ, ಮೂರನೆಯದನ್ನೂ ಹಾಕಿದ. ನಮ್ಮ ಮನೆತನದ ಹಟ ಅಂಥದ್ದು, ನನಗೂ ಬಂದಿದೆ. ಹೊಳೆಪ್ಪನ ಹೆಸರನ್ನೂ ಅಪ್ಪ ಬಿಟ್ಟ. ಯಾರಾದರೂ ಕೇಳಿದರೆ "ಆ ಹಡಗಿನಾಂವ" ಅನ್ನುತ್ತಿದ್ದ. ಪ್ರತಿ ಪಂಚಮಿಗೆ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದಾಗ ಆಯಿ, "ಸತ್ಯಾ, ಆಕೀನ ಕರಕೊಂಬಾರೋ" ಅನ್ನುತ್ತಿದ್ದಳು. ಅಪ್ಪ ಎದ್ದು ಹೊಲಕ್ಕೆ ಹೋಗುತ್ತಿದ್ದ. ೧೯೬೧ರಲ್ಲಿ ಆಯಿ ತೀರಿಕೊಂಡಳು. ಸಾವಿನ ಸುದ್ದಿಯ, ಮೂಲೆ ಹರಿದ ಕಾರ್ಡು ಅತ್ತಿಗೆ ಮುಟ್ಟುವಷ್ಟರಲ್ಲಿ ದಿನ ಕರ್ಮ ಎಲ್ಲ ಮುಗಿದಿತ್ತು.

ಹೊಳೆಪ್ಪ ೧೯೬೫ರಲ್ಲಿ ನಿವೃತ್ತನಾಗಿ ಸಂಕೇಶ್ವರಕ್ಕೆ ಬಂದು, ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಕೆಲಸಕ್ಕೆ ಸೇರಿದ. ಅತ್ತಿ ನಮ್ಮಿಂದ ಅರ್ಧ ದಿನದ ದಾರಿಯಲ್ಲಿದ್ದಳು. ಆಗಲೂ ಅಪ್ಪ ಕರೆಯಲಿಲ್ಲ, ಅವಳೂ ಬರಲಿಲ್ಲ.

ಮರುವರ್ಷ ನನಗೆ ಹನ್ನೆರಡು. ಅಪ್ಪನ ಜೊತೆ ಸಂಕೇಶ್ವರದ ಸಂತೆಗೆ ಹೋಗಿದ್ದೆ. ಒಬ್ಬ ಎತ್ತರದ ಮನುಷ್ಯ ಬಂದು ಅಪ್ಪನ ರಟ್ಟೆ ಹಿಡಿದ.

"ಭಾವಾರ, ಕಾಗದ ಓದ್ಲಿಲ್ಲ ನೀವು. ಈಗ ಬಾಯಿಲೆ ಕೇಳ್ರಿ" ಅಂದ ಹೊಳೆಪ್ಪ. ಕೈ ಬಿಡಲೇ ಇಲ್ಲ, ಸಂತೆಯ ನಡುವೆಯೇ ಎಲ್ಲ ಹೇಳಿದ. ಕೊನೆಗೆ, "ನಾ ನೀರಿನ ಮ್ಯಾಲ ಇದ್ದೀನಿ ಅಂತ ನನ್ನ ಹೆಸರ ಹೇಳಲಿಲ್ರಿ ಆಕಿ. ನನ್ನ ಉಳಿಸ್ಕೊಂಡ್ಳು, ನಿಮ್ಮನ್ನ ಕಳಕೊಂಡ್ಳು" ಅಂದ. ಅಪ್ಪ ಕೈಯಲ್ಲಿದ್ದ ಚೀಲ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತ. ನಾವು ಅಂದು ಏನೂ ಕೊಳ್ಳದೆ ಊರಿಗೆ ಮರಳಿದೆವು.

ಆ ಶ್ರಾವಣದಲ್ಲಿ ಅಪ್ಪ ಚಕ್ಕಡಿ ಕಟ್ಟಿಕೊಂಡು ಹೊರಟ. ನಾನೂ ಹತ್ತಿದೆ. ಅತ್ತಿ ಬಾಗಿಲ ಎರಡೂ ಕಡೆ ಕೈ ಹಚ್ಚಿ ನಿಂತಳು.

"ಯಾರ ಮನಿ ಬೇಕ್ರಿ? ಹೆಸರ ಹೇಳ್ರಿ, ಒಳಗ ಬಿಡ್ತೀನಿ."

ಅಪ್ಪ ಚಕ್ಕಡಿಯಿಂದ ಇಳಿದು ಬಂದು, "ಹೊಳೆಪ್ಪನ ಮನಿಗೆ ಬಂದೇನವ್ವಾ. ನನ್ನ ತಂಗೀನ ಕರಿಯಾಕ" ಅಂದ.

"ಯಣ್ಣಾ!" ಅಂತ ಅತ್ತಿ ಬಿದ್ದು ಅವನ ಕಾಲು ಹಿಡಿದಳು.

ಮಸಗುಪ್ಪಿಗೆ ಬರುವಾಗ ಅವಳ ಮಡಿಲಲ್ಲಿ ಅದೇ ಸೀರೆ ತುಂಡಿನ ಗಂಟಿತ್ತು. ಬುತ್ತಿ ಬಂದ ಅರಿವೆಯನ್ನು ಬರಿದಾಗಿ ತವರಿಗೆ ಮರಳಿಸಬಾರದಲ್ಲ, ಅದಕ್ಕೆ ಅಷ್ಟೂ ವರ್ಷದ ಕವಡೆ ತುಂಬಿದ್ದಳು. ಆಯಿ ಕೂರುತ್ತಿದ್ದ ಕಟ್ಟೆಯ ಮೇಲೆ ಗಂಟು ಬಿಚ್ಚಿಟ್ಟು, ಅದರ ಬಾಜೂಕ್ಕೆ ತಾನೂ ಕೂತಳು.

ಪಂಚಮಿಯ ದಿನ ಓಣಿಯ ಹೆಂಗಸರೆಲ್ಲ ಜೋಕಾಲಿಯ ಸುತ್ತ ಸೇರಿ ಅವಳನ್ನು ಹಿಡಿದರು. "ಒಡಪ ಹೇಳ ಸಾತವ್ವಾ! ಹೆಸರ ಹೇಳಿದರ ತೂಗತೀವಿ, ಇಲ್ಲಂದರ ಇಳಿ!"

ಅತ್ತಿ ಕಟ್ಟೆಯ ಕಡೆ ಒಮ್ಮೆ ನೋಡಿ ಹೇಳಿದಳು:

"ಚೌಕಿಯಾಗ ಕೇಳಿದರು, ಹೇಳಲಿಲ್ಲ, ನನ್ನ ತಪ್ಪ,
ನೀರ ದಾಟಿ ಮನಿಗೆ ಬಂದಾರ ನಮ್ಮವರು ಹೊಳೆಪ್ಪ."

ಹೆಂಗಸರು ಹೋ ಅಂತ ನಕ್ಕರು. ದೂರದಲ್ಲಿದ್ದ ಅಪ್ಪ ಎದ್ದು ಬಂದು, ಹೆಂಗಸರನ್ನು ಸರಿಸಿ, ಜೋಕಾಲಿಯ ಹಗ್ಗ ತಾನೇ ಹಿಡಿದ.

"ಇನ್ನೊಮ್ಮೆ ಹೇಳವ್ವಾ ತಂಗೀ. ಜೋರಾಗಿ ಹೇಳು. ಅವ್ವಗ ಕೇಳಬೇಕ."