ಪಿಯಾನೋಗೆ ಬಚ್ಚಿತ್

ಯಜಮಾನರಿಗೆ ಇನ್ನೊಂದು ಹೊದಿಕೆ ಬೇಕೆಂದು ಇವತ್ತು ಮಧ್ಯಾಹ್ನ ಟ್ರಂಕಿನ ಮುಚ್ಚಳ ಎತ್ತಿದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ನಿಮಗೆ ಆ ವಾಸನೆಯಿಂದ ಹಳೆಯ ಸೀರೆಗಳು ನೆನಪಾಗಬಹುದು. ನನಗೆ ನೆನಪಾಗುವುದು ಪಿಯಾನೋ. ನಗಬೇಡಿ.

ಅರವತ್ತರ ದಶಕದ ಮೊದಲಲ್ಲಿ ಹೆಮ್ಮಾಡಿಯವಳಾದ ನಾನು ಬ್ರಹ್ಮಾವರದ ಒಂದು ಶಾಲೆಗೆ ಕನ್ನಡ ಟೀಚರಾಗಿ ಹೋದೆ. ಇರಲು ಕೋಣೆ ಕೊಟ್ಟವರು ಮೋನಿಕಾಬಾಯಿ. ಮದುವೆಯಾಗದವರು; ಪಾರ್ಶ್ವವಾಯು ಬಡಿದು ಮಲಗಿದ್ದ ಅಣ್ಣನನ್ನು ಏಳು ವರ್ಷದಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಪುಣ್ಯವಂತೆ ಎಂದು ಊರೆಲ್ಲ ಹೊಗಳುತ್ತಿತ್ತು. ಹೊಗಳಿದವರು ಯಾರೂ ಒಂದು ಮಧ್ಯಾಹ್ನ ಬಂದು ಆ ಅಣ್ಣನ ಬಳಿ ಕೂತದ್ದನ್ನು ನಾನು ಕಾಣೆ. ಮೊದಮೊದಲು ನಾನೂ ಕೂತವಳಲ್ಲ.

ಅಣ್ಣನಿಗೆ ನಿದ್ದೆ ಹತ್ತಿದ ಮೇಲೆ ಅವರು ಪಿಯಾನೋ ಮುಂದೆ ಕೂರುತ್ತಿದ್ದರು. ಗೆದ್ದಲು, ನುಸಿ ಎಂದು ಅದರ ಹೊಟ್ಟೆಗೆ ಮುಷ್ಟಿಗಟ್ಟಲೆ ಗುಳಿಗೆ ಹಾಕಿದ್ದರು. ನುಡಿಸುತ್ತಿದ್ದುದು ಒಂದೇ ಪುಸ್ತಕ. ಮುಖಪುಟದಲ್ಲಿ ಗಡ್ಡದ ಜರ್ಮನ್ ಅಜ್ಜನೊಬ್ಬನ ಚಿತ್ರ. "ಇನ್ನು ಬರೆಯುವುದಿಲ್ಲ ಅಂತ ಪೆನ್ನು ಮುಚ್ಚಿಟ್ಟ ಮೇಲೆ ಬರೆದದ್ದು ಇದು, ಮುದಿಪ್ರಾಯದಲ್ಲಿ," ಎಂದಿದ್ದರು. ಅದರಲ್ಲಿ ಗದ್ದಲವಿಲ್ಲ. ಮೂರು ಸ್ವರ ಇಳಿದು ಬಂದು ಕೂರುತ್ತವೆ, ಏಳುತ್ತವೆ, ಎರಡು ಹೆಜ್ಜೆ ನಡೆದು ಮತ್ತೆ ಕೂರುತ್ತವೆ.

"ಏನನ್ನಿಸುತ್ತದೆ ಟೀಚರ್?" ಎಂದು ಪ್ರತಿಸಲ ಕೇಳುವರು. ನಾನೋ ಕನ್ನಡ ಪಂಡಿತೆ. ವಿಷಾದ ಅಂದೆ. ವಿರಹ ಅಂದೆ. ಒಮ್ಮೆ ಧೈರ್ಯಮಾಡಿ ಭಗ್ನಪ್ರೇಮ ಎಂದೂ ಅಂದೆ. ಅವರು ಸುಮ್ಮನೆ ಪುಟ ತಿರುವಿ ಮೊದಲಿನಿಂದ ನುಡಿಸುತ್ತಿದ್ದರು. ಹಳೆಯ ಪ್ರೇಮಿಯೊಬ್ಬ ಇದ್ದೇ ಇರಬೇಕು ಎಂದುಕೊಂಡು, ಮನಸ್ಸಲ್ಲೇ ನಾನು ಅವನಿಗೆ ಮೀಸೆಯನ್ನೂ ಇಟ್ಟಾಗಿತ್ತು.

ಒಂದು ರಜೆಯ ದಿನ ಮಧ್ಯಾಹ್ನ ಅವರು ನುಡಿಸುತ್ತಿದ್ದಾಗ ಮೀನು ಮಾರುವ ಗಿರಿಜ "ಹ್ವಾಯ್, ಬಂಗ್ಡೆ ಬೇಕಾ?" ಎನ್ನುತ್ತ ಬಂದವಳು ಬುಟ್ಟಿ ಇಳಿಸಿ, ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿದಳು. ಮೋನಿಕಾಬಾಯಿ ಅವಳನ್ನೂ ಕೇಳಿದರು, ಏನನ್ನಿಸಿತು ಎಂದು. ನಾನೇ ಮುಂದಾಗಿ, "ದುಃಖದ್ದ್ ಅಲ್ದಾ ಗಿರಿಜಾ?" ಎಂದೆ.

"ಇದ್ ಮರ್ಕುದಲ್ಲ ಟೀಚರೇ," ಎಂದಳು, ಅಳುವಲ್ಲ ಎಂದು ತಲೆಯಾಡಿಸುತ್ತ. "ಬುಟ್ಟಿ ಇಳ್ಸಿ, ಮತ್ತ್ ಎತ್ತಿ, ಮತ್ತ್ ಇಳ್ಸಿದಂಗ್ ಇತ್ತ್. ಬಾಯಮ್ಮಂಗೆ ಬಚ್ಚಿತ್, ಕಾಣಿ."

ಬಚ್ಚುವುದು ಎಂದರೆ ನಮ್ಮ ಕಡೆ ದಣಿಯುವುದು. ನನ್ನ ಅಮ್ಮ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು. ಶಾಲೆ ಕಲಿತ ಮೇಲೆ ಅದನ್ನು ನಾನು ಮನೆಯಲ್ಲೇ ಬಿಟ್ಟು ಬಂದಿದ್ದೆ.

ಮೋನಿಕಾಬಾಯಿ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಹೌದು," ಅಂದರು. ಪಿಯಾನೋದ ಮುಚ್ಚಳ ಇಳಿಸಿ, "ಟೀಚರ್, ಸಂಜೆತನಕ ಅಣ್ಣನ ಹತ್ತಿರ ಕೂರುತ್ತೀರಾ?" ಎಂದು ಕೇಳಿದರು. ಏಳು ವರ್ಷದಲ್ಲಿ ಅವರು ಹಗಲು ಮಲಗಿದ್ದು ಅದೇ ಮೊದಲಂತೆ. ಗೊರಕೆ ಅಣ್ಣನ ಕೋಣೆಯ ತನಕ ಕೇಳುತ್ತಿತ್ತು. ನನಗೆ ನಾಚಿಕೆಯಾಯಿತು.

ಈಗ ನನ್ನ ಯಜಮಾನರು ಹಾಸಿಗೆ ಹಿಡಿದು ಮೂರನೆಯ ವರ್ಷ. ಹಾಲಾಡಿಯಲ್ಲಿರುವ ಮಗಳು ದಿನಾ ಫೋನು ಮಾಡಿ "ಅಮ್ಮಾ, ಬೇಜಾರಾ?" ಎಂದು ಕೇಳುತ್ತಾಳೆ. ಬೇಜಾರಿಲ್ಲ, ಹಾಗಾಗಿ ಇಲ್ಲ ಎನ್ನುತ್ತೇನೆ. ಇವತ್ತು ಟ್ರಂಕಿನ ಮುಂದೆ ಕೂತಿರುವಾಗಲೇ ಫೋನು ಬಂತು.

"ಬೇಜಾರಲ್ಲ ಮಗಾ," ಎಂದೆ. "ನಂಗ್ ಬಚ್ಚಿತ್."

ಆ ಕಡೆ ಬೀಗದಕೈ ಎತ್ತಿಕೊಂಡ ಸದ್ದಾಯಿತು. ಆಮೇಲೆ, "ನಾ ಈಗ್ಲೇ ಹೊರ್ಟ್ ಬತ್ತೆ. ನೀ ಮನಿಕೊ," ಎಂದಳು.

ಯಜಮಾನರಿಗೆ ಹೊದಿಸಿದೆ. ಟ್ರಂಕಿನಿಂದ ಇನ್ನೊಂದು ಹೊದಿಕೆ ತೆಗೆದೆ, ನನಗೆ.