ನಾಲ್ಕನೆಯವಳ ಮೊಣಕೈ

…ಕೃಷ್ಣಗಿರಿ ಅಣೆಕಟ್ಟಿನ ಹತ್ತಿರ ಎಂದೇ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ಆದರೆ ಆ ಫೋಟೋದಲ್ಲಿ ನೀರೇ ಇಲ್ಲ. ಮೂವರು ಹೆಂಗಸರು, ಒಂದು ಕಬ್ಬಿಣದ ಬೇಲಿ, ಹಿಂದೆ ಮೀನು ಕರಿಯುವ ಅಂಗಡಿಗಳ ತಗಡಿನ ಮಾಡು. ಅಷ್ಟೇ. ನನ್ನ ನೆನಪಿನಲ್ಲಿ ಅವರ ಬೆನ್ನ ಹಿಂದೆ ನೀರು ಹೊಳೆಯುತ್ತಿತ್ತು. ಹೊಳೆದದ್ದು ತಗಡೇ ಇರಬೇಕು. ಕ್ಯಾಮರಾವನ್ನು ಕೇಳಿದರೆ ಅದು ಜನವರಿ ಎನ್ನುತ್ತದೆ. ಬ್ಯಾಟರಿ ಪೂರ್ತಿ ಇಳಿದಾಗಲೆಲ್ಲ ಅದರ ಗಡಿಯಾರ ಹಿಂದಕ್ಕೆ ಹೋಗಿ ಯಾವುದೋ ಜನವರಿಯಲ್ಲಿ ಕೂತುಬಿಡುತ್ತದೆ. ಆದರೆ ನಡುವೆ ನಿಂತ ಚಿಕ್ಕಮ್ಮನ ಕೈಯಲ್ಲಿ ಖಾರದಪುಡಿ ಹಚ್ಚಿದ ಮಾವಿನಕಾಯಿ ಹೋಳಿದೆ. ಕೃಷ್ಣಗಿರಿಯಲ್ಲಿ ಜನವರಿಗೆ ಮಾವಿನಕಾಯಿ ಎಲ್ಲಿಂದ ಬರಬೇಕು? ಹೂವು ಬಂದಿದ್ದರೆ ಹೆಚ್ಚು. ಅಂದರೆ ಬೇಸಿಗೆ. ಮೇ ಇರಬಹುದು, ಏಪ್ರಿಲ್ ಕೊನೆಯೂ ಇರಬಹುದು. ನನ್ನ ಮಾತನ್ನೂ ಆ ಯಂತ್ರದ ಮಾತನ್ನೂ ಪೂರ್ತಿ ನೆಚ್ಚಬೇಡಿ.

ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು. ಆ ಫೋಟೋ ತೆಗೆದು ಎರಡು ವಾರ ಆಗುವುದರೊಳಗೆ ಚಿಕ್ಕಮ್ಮನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಕೆಲಮಂಗಲದ ತನ್ನ ಮನೆಯಲ್ಲಿ ಮಂಚ ಹಿಡಿದು “ಅಕ್ಕ ಯಾಕೆ ಬರ್ಲಿಲ್ಲ?” ಎಂದು ದಿನಾ ಕೇಳುತ್ತಿದ್ದಳಂತೆ. ಆ ಅಕ್ಕ, ಅಂದರೆ ನನ್ನ ಅಮ್ಮ, ಇಲ್ಲಿ ಬಾಗಲೂರಿನ ಹತ್ತಿರ ನಮ್ಮ ಮನೆಯಲ್ಲಿ, ತನ್ನಿಂದಲೇ ತಂಗಿಗೆ ಹೀಗಾಯಿತು ಎಂದುಕೊಂಡು, ಅವಳ ಮುಖ ನೋಡಲು ಹೋಗಲಾರದೆ ಕೂತುಬಿಟ್ಟಿದ್ದಳು.

ನಮ್ಮ ಕಡೆ ಬರೀ ಮೂರು ಜನ ಫೋಟೋಗೆ ನಿಲ್ಲುವುದಿಲ್ಲ. ನಿಂತರೆ ನಡುವಿನವರಿಗೆ ಕೇಡು. ನಂಬುತ್ತೀರಾ ಎಂದು ಕೇಳಿದರೆ ಎಲ್ಲರೂ ಛೇ ಛೇ ಎನ್ನುತ್ತಾರೆ, ಕ್ಯಾಮರಾ ಎತ್ತಿದರೆ ಮಾತ್ರ ಮೂರನೆಯವರು ಪಕ್ಕಕ್ಕೆ ಸರಿಯುತ್ತಾರೆ. ನನ್ನ ಗ್ರಹಚಾರಕ್ಕೆ ಅಮ್ಮನ ಕಡೆ ಸರಿಯಾಗಿ ಮೂವರು ಅಕ್ಕತಂಗಿಯರು: ಕೃಷ್ಣಗಿರಿಯ ದೊಡ್ಡಮ್ಮ, ನಮ್ಮಮ್ಮ, ಕೆಲಮಂಗಲದ ಚಿಕ್ಕಮ್ಮ. ಬೇಸಿಗೆ ಬಂತೆಂದರೆ ಭಾನುವಾರ ಭಾನುವಾರ ಈ ಮೂವರನ್ನು ಕಾರಿನಲ್ಲಿ ತುಂಬಿಕೊಂಡು ಎಲ್ಲಿಗಾದರೂ ಹೋಗುವುದು ನನ್ನ ಕೆಲಸ. ಶನಿವಾರ ನನಗೂ ರಜೆಯೇ, ಜನವೂ ಕಡಿಮೆ. ಆದರೆ ದೊಡ್ಡಮ್ಮ ಶನಿವಾರ ಮೀನು ತಿನ್ನುವುದಿಲ್ಲ, ಮೀನು ಇಲ್ಲದಿದ್ದರೆ ಹೊರಡುವುದೇ ಇಲ್ಲ.

ನಾನು ಆಗ ಕೊಂಡದ್ದು ಹಳೆಯ ಕ್ಯಾಮರಾ, ಉದ್ದ ಲೆನ್ಸಿನದು. ಬಂಡೆ, ಓತಿಕ್ಯಾತ, ಕೆರೆಯ ಏರಿಯ ಮೇಲಿನ ಬೆಳಕು, ಇಂಥವನ್ನು ತೆಗೆಯಬೇಕೆಂದು ಕೊಂಡಿದ್ದೆ. ಆದರೆ ನನ್ನಲ್ಲಿರುವ ಫೋಟೋಗಳಲ್ಲೆಲ್ಲ ಮೂವರು ಹೆಂಗಸರು ಮತ್ತು ಒಬ್ಬ ಅಪರಿಚಿತೆ. ಜಾಗ ಸಿಕ್ಕಿ, ಬೆಳಕು ಕೂಡಿ, ಇವರನ್ನು ನಿಲ್ಲಿಸುವ ಹೊತ್ತಿಗೆ ದೊಡ್ಡಮ್ಮ “ತಡಿಲಾ” ಎಂದು ನಾಲ್ಕನೆಯವಳನ್ನು ಹುಡುಕಲು ಹೊರಟುಬಿಡುತ್ತಿದ್ದಳು. ದಾರಿಯಲ್ಲಿ ಹೋಗುವವರ ಮುಖ ನೋಡಿಯೇ ಭಾಷೆ ಆರಿಸುತ್ತಿದ್ದಳು. ಒಬ್ಬಳಿಗೆ ತಮಿಳಿನಲ್ಲಿ “ಒರು ನಿಮಿಷಂ ವಾಮ್ಮಾ,” ಇನ್ನೊಬ್ಬಳಿಗೆ ತೆಲುಗಿನಲ್ಲಿ “ಒಕ ನಿಮಿಷಂ ರಾಮ್ಮಾ,” ಎರಡಕ್ಕೂ ಬಗ್ಗದವಳಿಗೆ “ಬಾರವ್ವಾ, ನಿನ್ನೇನ್ ತಿಂದ್ಕಂಡ್ಬುಡ್ತೀವಾ?” ಅವಳು ಬರುವಷ್ಟರಲ್ಲಿ ಬೆಳಕು ಹೋಗಿರುತ್ತಿತ್ತು, ಇಲ್ಲವೇ ಚಿಕ್ಕಮ್ಮ ಬಂಡೆಯ ಮೇಲೆ ಕೂತು ಚಿತ್ರಾನ್ನದ ಡಬ್ಬ ಬಿಚ್ಚಿರುತ್ತಿದ್ದಳು.

ಒಮ್ಮೆ ರೇಗಿಹೋಗಿ, ನಾನೇ ನಾಲ್ಕನೆಯವನಾಗುತ್ತೇನೆ ಎಂದೆ. ಕ್ಯಾಮರಾವನ್ನು ಬಂಡೆಯ ಮೇಲಿಟ್ಟು, ಹತ್ತು ಸೆಕೆಂಡಿಗೆ ತಾನೇ ತೆಗೆಯುವ ಹಾಗೆ ಮಾಡಿ ಓಡಿ ಬಂದು ನಿಂತೆ. ಅದರ ಕೆಂಪು ದೀಪ ಮಿಣುಕುವುದನ್ನು ಕಂಡು ದೊಡ್ಡಮ್ಮ ಸಾಲು ಬಿಟ್ಟು ಈಚೆ ಬಂದಳು.

“ಅಲ್ಲಿ ಯಾರವ್ರೆ?”

“ಯಾರೂ ಇಲ್ಲ ದೊಡ್ಡಮ್ಮ, ಅದೇ ತೆಗೀತದೆ.”

“ಯಾರೂ ಇಲ್ದೆ ತೆಗ್ಯೋ ಫೋಟಕ್ಕೆ ನಾ ನಿಂತ್ಕಳಾಕಿಲ್ಲ ಕಣ್ಲಾ. ಅದು ಇನ್ನೂ ಕೆಟ್ಟದ್ದು. ನೀ ಅಲ್ಲೇ ಇರು.”

ಹೀಗೆ ರಾಯಕೋಟೆಯ ಬೆಟ್ಟದ ಬುಡದಲ್ಲಿ ಮೇಕೆ ಕಾಯುತ್ತಿದ್ದ ಮುದುಕಿ ನಮ್ಮ ಫೋಟೋಗೆ ಸೇರಿದಳು. ತಳಿ ಎಂಬ ಊರಿನ ಕೆರೆ ಏರಿಯ ಮೇಲೆ ಮದುವೆ ಪತ್ರಿಕೆ ಹಂಚಲು ಹೊರಟಿದ್ದ ಒಬ್ಬಳು, ಪತ್ರಿಕೆಗಳ ಚೀಲವನ್ನು ಮಗುವಿನ ಹಾಗೆ ಎತ್ತಿಕೊಂಡು. ಕೆಲವರಪಳ್ಳಿಯಲ್ಲಿ, ಹೊಳೆಯ ತುಂಬ ಬಿಳಿ ನೊರೆ ಆಳೆತ್ತರ ಎದ್ದಿದ್ದ ದಿನ, ಪಾಳಿ ಮುಗಿಸಿ ಹೋಗುತ್ತಿದ್ದ ಕಾರ್ಖಾನೆಯ ಹೆಂಗಸು. ಆ ನೊರೆ ಎಂಥ ಹೊಲಸಿನದು ಎಂದು ನಾನು ಗೊಣಗುತ್ತಿದ್ದರೆ, ಮೋಡದಲ್ಲಿ ನಿಂತ ಹಾಗೆ ಬಂದಿದೆ ಎಂದು ಇವರು ಮೂವರೂ ಅದೇ ಫೋಟೋವನ್ನು ದೊಡ್ಡದು ಮಾಡಿಸಿಕೊಂಡರು. ನಾಲ್ಕನೆಯವಳು ಅದರಲ್ಲಿ ಎಲ್ಲರಿಗಿಂತ ಚೆನ್ನಾಗಿ ನಗುತ್ತಿದ್ದಾಳೆ.

ಅಮ್ಮನಿಗೆ ಸಿಟ್ಟು ಬಂದದ್ದು ಅಲ್ಲಿಂದಲೇ ಇರಬೇಕು. ಚಿಕ್ಕಮ್ಮನ ಮೊಮ್ಮಗಳು ಗೋಡೆಯ ಮೇಲಿನ ಆ ಫೋಟೋ ತೋರಿಸಿ ಈ ನಾಲ್ಕನೆಯ ಅಜ್ಜಿ ಯಾರು ಎಂದು ಕೇಳಿದ್ದಳಂತೆ. ಅಣೆಕಟ್ಟಿಗೆ ಹೋಗುವ ದಾರಿಯುದ್ದಕ್ಕೂ ಅಮ್ಮ ಇದನ್ನೇ ಹಿಡಿದುಕೊಂಡಿದ್ದಳು.

“ನಾವು ಸತ್ತ ಮ್ಯಾಲೆ ಮಕ್ಳು ಮೇಕೆ ಕಾಯೋಳ್ಗೂ ಹೂವ ಇಕ್ಕಿ ಕಾಯಿ ಒಡೀತಾವೆ. ಒಂದಾದ್ರೂ ನಾವು ಮೂರೇ ಜನ ಇರೋದು ಬೇಕು.”

“ಮಧ್ಯಕ್ಕೆ ಯಾರ್ ನಿಂತ್ಕತೀರಾ?” ಎಂದಳು ದೊಡ್ಡಮ್ಮ. “ನನ್ನಂತೂ ಕರೀಬ್ಯಾಡ್ರಪ್ಪಾ. ನಂಗೆ ಮಾವಿನ ಸುಗ್ಗಿ ಮುಗಿಯೋಗಂಟ ಪುರುಸೊತ್ತಿಲ್ಲ.”

ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. ಅದು ಮಾತ್ರ ನನ್ನ ಕಿವಿಯಲ್ಲಿದೆ.

ಅಣೆಕಟ್ಟಿನ ಹತ್ತಿರ (ಸರಿ, ಅಲ್ಲೇ ಎಂದು ಇಟ್ಟುಕೊಳ್ಳೋಣ) ಅಮ್ಮನ ಮಾತು ಕೇಳದವಳಂತೆ ದೊಡ್ಡಮ್ಮ ಎಂದಿನ ಹಾಗೆ ಒಬ್ಬಳನ್ನು ಕರೆತಂದಳು. ಬುಟ್ಟಿಯಲ್ಲಿ ಮಾವಿನಕಾಯಿ ಹೋಳು ಮಾರುವವಳು. ಬುಟ್ಟಿ ಕೆಳಗಿಡಲು ಒಪ್ಪದೆ ಸೊಂಟಕ್ಕಿಟ್ಟುಕೊಂಡೇ ಎಡಗಡೆ ತುದಿಗೆ ನಿಂತಳು. ಕುಳ್ಳಗಿರುವವರು ನಡುವೆ ಬನ್ನಿ ಎಂದು ನಾನು ಹೇಳಿದೆ. ಅಥವಾ ಅಮ್ಮನೇ ಚಿಕ್ಕಮ್ಮನ ತೋಳು ಹಿಡಿದು ನಡುವಿಗೆ ಎಳೆದಳು. ಅಮ್ಮ ತಾನೇ ಎಳೆದೆ ಎನ್ನುತ್ತಾಳೆ. ನಾನೇ ಹೇಳಿದೆ ಎಂದು ನನಗೆ ಅನ್ನಿಸುತ್ತದೆ. ಒಂದು ತೆಗೆದೆ. ದೊಡ್ಡಮ್ಮ ಬಂದು ನೋಡಿ, “ಕಣ್ಣು ಮುಚ್ಚಿವ್ನಿ, ಅಳಿಸ್ಲಾ” ಎಂದಳು. ಅಳಿಸಿದೆ. ಇನ್ನೊಂದು ತೆಗೆದೆ. ಮತ್ತೆ ಮುಚ್ಚಿದ್ದಳು. ಅದನ್ನೂ ಅಳಿಸಿದೆ. ಆಗ ಅಮ್ಮ ಆ ಮಾರುವವಳಿಗೆ, “ಸಾಕು, ನೀ ಹೋಗಮ್ಮಾ, ನಿನ್ ಯಾಪಾರ ನೋಡ್ಕೋ” ಎಂದಳು. ದೊಡ್ಡಮ್ಮ “ಏಯ್, ಏಯ್” ಎಂದಳು. ಅವಳು ಹೊರಟಳು. ಈ ಗದ್ದಲದ ನಡುವೆ ಎಲ್ಲೋ ನಾನು ಮೂರನೆಯ ಸಲ ಒತ್ತಿದೆ. ಆ ದಿನದ್ದು ಉಳಿದಿರುವುದು ಅದೊಂದೇ.

ಚಿಕ್ಕಮ್ಮ ಹಾಸಿಗೆ ಹಿಡಿದ ಮೇಲೆ ಅಮ್ಮ ಏನನ್ನೂ ಹೇಳಲಿಲ್ಲ. ಹೇಳಿದ್ದು ದೊಡ್ಡಮ್ಮ, ಫೋನಿನಲ್ಲಿ. “ನಿಮ್ಮಮ್ಮ ನಾಕನೇಳ್ನ ಓಡಿಸ್ದೆ ಇದ್ದಿದ್ರೆ ಅಂತ ನಾ ಅಂದಿಲ್ಲ ಕಣ್ಲಾ. ಅವ್ಳೇ ಅಂದ್ಕಂಡವ್ಳೆ. ನಾ ಒಂದ್ಸತಿ ಅಂದಿದ್ದೆ ಅಷ್ಟೇಯ.” ಕಾರು ತೆಗೆಯುತ್ತೇನೆ ಬಾ ಎಂದು ಪ್ರತಿ ಭಾನುವಾರ ಅಮ್ಮನನ್ನು ಕರೆದೆ. ಒಂದು ವಾರ ಮಂಡಿನೋವು, ಇನ್ನೊಂದು ವಾರ ಅವರೆಕಾಳು ಹಸನು ಮಾಡಬೇಕು. ಆ ಬೇಸಿಗೆಯಲ್ಲಿ ಅವರೆಕಾಳು! ಚಿಕ್ಕಮ್ಮನ ರಕ್ತದೊತ್ತಡ, ಅವಳು ಮಾತ್ರೆ ಬಿಟ್ಟದ್ದು, ಡಾಕ್ಟರು ಹೇಳಿದ್ದು ಎಲ್ಲವನ್ನೂ ವಿವರಿಸಿದೆ. ಅಮ್ಮ ಎಲ್ಲಕ್ಕೂ ತಲೆಯಾಡಿಸಿದಳು. “ನೀ ಓದಿರೋನು,” ಎಂದಳು, ಅದೂ ಒಂದು ಕಾಯಿಲೆ ಎಂಬ ಹಾಗೆ.

ನನ್ನ ಮೇಲೆ ನನಗೇ ಅಸಹ್ಯ ಬರುವ ಕೆಲಸವನ್ನು ಆಮೇಲೆ ಮಾಡಿದೆ. ಆ ಫೋಟೋವನ್ನು ಕಂಪ್ಯೂಟರಿಗೆ ಹಾಕಿ ನಾಲ್ಕನೆಯವಳನ್ನು ಹುಡುಕಿದೆ. ನಂಬದ ನಿಯಮಕ್ಕೆ ಸಾಕ್ಷಿ ಹುಡುಕುತ್ತಾ ಅಂಚು ಅಂಚನ್ನೂ ಹಿಗ್ಗಿಸಿ ನೋಡಿದೆ. ಎಡಗಡೆ ತುದಿಯಲ್ಲಿ ಸಿಕ್ಕಳು. ಒಂದು ಮೊಣಕೈ, ಎರಡು ಗಾಜಿನ ಬಳೆ, ಬುಟ್ಟಿಯ ಒಂದಿಷ್ಟು ಅಂಚು. ಅಮ್ಮನನ್ನು ಕರೆದು ಕೂರಿಸಿದೆ.

“ನೋಡು, ನಾಲ್ಕು ಜನ ಇದ್ದೀರಿ.”

ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. “ಇದು ಕೈ ಅಲ್ವೇನ್ಲಾ?”

“ಕೈ ಇದ್ದ ಮೇಲೆ ಆಳು ಇರಲೇಬೇಕಲ್ಲ.”

“ಮುಖ ಇಲ್ದೋರ್ನ ಜನ ಅಂತ ಎಂಗ್ ಎಣಿಸ್ತಿಯಾ?”

“ಸರಿ, ಹಿಂದೆ ನೋಡು. ಮೀನಿನ ಅಂಗಡಿಯ ಮುಂದೆ ಎಷ್ಟು ಮುಖ ಬೇಕು? ಒಬ್ಬ ನಮ್ಮ ಕಡೆಗೇ ತಿರುಗಿ ಮುಳ್ಳು ತೆಗೆಯುತ್ತಿದ್ದಾನೆ.”

“ಅವ್ನಿಗೆ ಫೋಟ ತೆಗೀತಾವ್ರೆ ಅಂತ ಗೊತ್ತಿತ್ತಾ? ಗೊತ್ತಿಲ್ದೋರು ಸೇರಾಕಿಲ್ಲ.”

ಈ ಉಪನಿಯಮವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ದೊಡ್ಡಮ್ಮನಿಗೆ ಫೋನು ಮಾಡಿದೆವು. ಅವಳಿಗೆ ಮಾತ್ರ ಇದು ಹುಟ್ಟಿದಾಗಿನಿಂದ ಗೊತ್ತಿದ್ದಂತಿತ್ತು. ನಿಲ್ಲಲು ಒಪ್ಪಿ ನಿಂತವರು ಲೆಕ್ಕಕ್ಕೆ ಬರುತ್ತಾರೆ, ಸುಮ್ಮನೆ ಬಿದ್ದವರು ಬರುವುದಿಲ್ಲ. ಮೊಣಕೈಯ ವಿಚಾರ ಅವಳಿಗೂ ಹೊಸದು. “ಒಪ್ಪಿ ನಿಂತಿದ್ದಾಗ ಬಿದ್ದಿದ್ರೆ ಮೊಣಕೈ ಆದ್ರೂ ಆಯ್ತದೆ,” ಎಂದು ಯೋಚಿಸಿ ತೀರ್ಪು ಕೊಟ್ಟಳು. “ಹೋಗು ಅಂದ ಮ್ಯಾಲೆ ಬಿದ್ದಿದ್ರೆ ಅವ್ಳು ದಾರಿಹೋಕಳು.”

ನಾನು ಫೋನು ಇಟ್ಟೆ. ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು. ಅಲ್ಲಿ ಒಬ್ಬ ಹೆಂಗಸು ಅರ್ಧ ಬಾಯಲ್ಲಿ ಮಾತಾಡುತ್ತಾ ಅಕ್ಕನನ್ನು ಕೇಳುತ್ತಿದ್ದಾಳೆ, ಇಲ್ಲಿ ನಾವು ಮಾವಿನಕಾಯಿಯವಳ ಮೊಣಕೈ ಒಪ್ಪಿದ್ದೋ ಒಪ್ಪದ್ದೋ ಎಂದು ವಿಚಾರಣೆ ನಡೆಸುತ್ತಿದ್ದೇವೆ. ಅಮ್ಮ ಪರದೆಯ ಮೇಲೆ ಬೆರಳಿಟ್ಟುಕೊಂಡೇ ಇದ್ದಳು. ಆ ಕೈ ಹೊರಟ ಕೈಯೋ ನಿಂತ ಕೈಯೋ ಎಂದು ನೋಡುತ್ತಿದ್ದಳು. ಚಿಕ್ಕಮ್ಮನಿಗೆ ಹಾಗಾದ ಈ ಮೂರು ವಾರದಲ್ಲಿ ಅವಳ ಉಗುರಿನ ಸುತ್ತ ಕಚ್ಚಿ ಕಚ್ಚಿ ಕೆಂಪಾಗಿತ್ತು. ಅದನ್ನು ನಾನು ನೋಡಿದ್ದು ಆಗಲೇ.

“ನೀ ಒತ್ತಿದ್ದು ನಾ ಹೋಗು ಅನ್ನಕ್ಕೆ ಮುಂಚೇನೋ, ಆಮ್ಯಾಲೋ?”

“ಮುಂಚೆ,” ಎಂದೆ.

“ದಿಟವಾಗ್ಲೂ?”

“ದಿಟವಾಗಿ.”

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಮತ್ತೆ ಹಾಕಿಕೊಳ್ಳಲಿಲ್ಲ. “ಗಾಡಿ ತೆಗಿ,” ಎಂದಳು.

ಹೊಸೂರು ದಾಟಿ ಕೆಲಮಂಗಲ ಸೇರಿದೆವು. ಚಿಕ್ಕಮ್ಮ ಗೋಡೆಗೆ ದಿಂಬು ಕೊಟ್ಟು ಒರಗಿದ್ದಳು. ಬಾಯಿ ಒಂದು ಕಡೆಗೆ ಎಳೆದಿತ್ತು. ಅಮ್ಮ ಬಾಗಿಲಲ್ಲೇ ನಿಂತಳು. ಚಿಕ್ಕಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, ಒಂದೊಂದೇ ಅಕ್ಷರ ದೂಡುತ್ತಾ, “ಯಾಕಕ್ಕಾ, ನಾವಿಬ್ರೇಯ, ಮೂರು ಜನಾನೂ ಇಲ್ವಲ್ಲಾ, ಬಾ” ಎಂದಳು. ದೊಡ್ಡಮ್ಮ ಅವಳಿಗೂ ಎಲ್ಲವನ್ನೂ ಹೇಳಿಬಿಟ್ಟಿದ್ದಳು ಎಂದು ಕಾಣುತ್ತದೆ. ಅಮ್ಮ “ಸುಮ್ಕಿರೇ, ಬಾಯಿಬಡ್ಕಿ” ಎಂದು ಹೋಗಿ ಮಂಚದ ಅಂಚಿಗೆ ಕೂತು, ತಂಗಿಯ ಎಡಗೈ ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ನೀವತೊಡಗಿದಳು. ಅಂದಿನಿಂದ ಪ್ರತಿ ಭಾನುವಾರ ಹೋಗುತ್ತೇವೆ. ಬೆರಳುಗಳು ಈಗ ಸ್ವಲ್ಪ ಮಡಿಚಿಕೊಳ್ಳುತ್ತವೆ. ನಾನು ಕ್ಯಾಮರಾ ಒಯ್ಯುವುದಿಲ್ಲ, ಅವರೂ ಕೇಳಿಲ್ಲ.

ಮುಂಚೆ ಎಂದು ನಾನು ಹೇಳಿದ್ದು ನೆನಪು ಮಾಡಿಕೊಂಡು ಹೇಳಿದ್ದಲ್ಲ. ಎಷ್ಟು ಸಲ ನೋಡಿದರೂ ಆ ಮೊಣಕೈ ನಿಂತ ಹಾಗೂ ಕಾಣುತ್ತದೆ, ಹೊರಟ ಹಾಗೂ ಕಾಣುತ್ತದೆ. ಅಮ್ಮ “ಹೋಗಮ್ಮಾ” ಎಂದಾಗ ನನ್ನ ಬೆರಳು ಎಲ್ಲಿತ್ತೋ ನನಗೆ ಗೊತ್ತಿಲ್ಲ. ನಾನು ಹೇಳಿದ್ದನ್ನು ಅಮ್ಮ ನಂಬಿದಳೋ ಇಲ್ಲವೋ, ಅದೂ ಗೊತ್ತಿಲ್ಲ.